ಮಧುಗಿರಿ ಬೆಟ್ಟ: ಶತ್ರು ಹತ್ತದ ಹಾಗೆ, ಸೆರೆಯಾಳು ಇಳಿಯದ ಹಾಗೆ

ಮಧುಗಿರಿ ಬೆಟ್ಟದ ಬಗ್ಗೆ ಬರೆಯುವವರೆಲ್ಲ 'ಏಷ್ಯಾದ ಎರಡನೇ ದೊಡ್ಡ ಏಕಶಿಲಾ ಬೆಟ್ಟ' ಎಂಬ ಸಾಲಿನಿಂದಲೇ ಶುರು ಮಾಡುತ್ತಾರೆ. ನಾನೂ ಎರಡು ಮೂರು ಸಲ ಸುದ್ದಿಯಲ್ಲಿ ಹಾಗೇ ಬರೆದಿದ್ದೇನೆ. 'ಅಳೆದವರು ಯಾರು ಸ್ವಾಮಿ?' ಎಂದು ಓದುಗರೊಬ್ಬರು ಕೇಳಿದಾಗ ನನ್ನ ಬಳಿ ಉತ್ತರವಿರಲಿಲ್ಲ. ಅಂದಿನಿಂದ ಆ ಸಾಲು ಬಿಟ್ಟೆ. ಈ ಬೆಟ್ಟಕ್ಕೆ ಅದಕ್ಕಿಂತ ಗಟ್ಟಿಯಾದ ಕಥೆಯಿದೆ.

ತುಮಕೂರಿನಿಂದ ಉತ್ತರಕ್ಕೆ 40 ಕಿ.ಮೀ. ಚಿಲ್ಲರೆ ದೂರದಲ್ಲಿರುವ ಈ ಬೆಟ್ಟ ಸಮುದ್ರಮಟ್ಟದಿಂದ ಸುಮಾರು 3,900 ಅಡಿ ಎತ್ತರದಲ್ಲಿದೆ. ರಾಮನಗರದಿಂದ ಮಧುಗಿರಿ, ಪಾವಗಡದ ಕಡೆಗೆ ಉತ್ತರ ದಕ್ಷಿಣವಾಗಿ ಹಬ್ಬಿದ ಗ್ರಾನೈಟ್ ಪಟ್ಟಿಗೆ ಸೇರಿದ ಕಲ್ಲಿದು. ರಾಮನಗರದ ಹಳೆಯ ಹೆಸರಿನಿಂದ ಭೂವಿಜ್ಞಾನಿಗಳು ಇದನ್ನು 'ಕ್ಲೋಸ್‌ಪೇಟೆ ಗ್ರಾನೈಟ್' ಎನ್ನುತ್ತಾರೆ. ವಯಸ್ಸು ಸುಮಾರು 250 ಕೋಟಿ ವರ್ಷ. ಮೇಲಿನ ಮಣ್ಣು, ಮೆತ್ತನೆಯ ಕಲ್ಲು ಸವೆದು ಹೋಗಿ ಗಟ್ಟಿ ಬಂಡೆ ಉಳಿದಿದೆ. ಬಿಸಿಲು ಮಳೆಗೆ ಅದರ ಮೈ ಈರುಳ್ಳಿ ಸಿಪ್ಪೆಯಂತೆ ಪದರ ಪದರವಾಗಿ ಕಳಚುತ್ತದೆ. ಇಳಿಜಾರು ಅಷ್ಟು ನುಣುಪಾಗಿರುವುದು ಇದರಿಂದಲೇ.

ಹತ್ತುವಾಗ ಮೊದಲು ಮೆಟ್ಟಿಲು, ಬಾಗಿಲುಗಳು, ನೀರಿನ ದೊಣೆಗಳು ಸಿಗುತ್ತವೆ. ಅರ್ಧ ದಾಟಿದ ಮೇಲೆ ಬರೀ ಬಂಡೆ. ಅದರಲ್ಲಿ ಪಾದ ಊರುವಷ್ಟೇ ಕೊರೆದ ಗುಳಿಗಳು, ಪಕ್ಕದಲ್ಲಿ ಹಿಡಿದುಕೊಳ್ಳಲು ಕಬ್ಬಿಣದ ಕಂಬಿ. ಮಳೆ ಬಿದ್ದ ದಿನ ಹತ್ತಲೇಬಾರದು.

ಸ್ಥಳೀಯ ಪಾಳೇಗಾರ ರಾಜಾ ಹಿರೇಗೌಡ ಇಲ್ಲಿ ಮೊದಲು ಮಣ್ಣಿನ ಕೋಟೆ ಕಟ್ಟಿಸಿದನೆಂದು ಹೇಳುತ್ತಾರೆ. 1678ರಲ್ಲಿ ಚಿಕ್ಕದೇವರಾಜ ಒಡೆಯರ ಕಾಲದಲ್ಲಿ ಅದು ಮೈಸೂರಿನ ಪಾಲಾಯಿತು. ಮುಂದೆ ಹೈದರಾಲಿ ಅದನ್ನು ಬಲಪಡಿಸಿದ. 1763ರಲ್ಲಿ ಬಿದನೂರು ಗೆದ್ದ ಹೈದರ್, ಕೆಳದಿಯ ರಾಣಿ ವೀರಮ್ಮಾಜಿಯನ್ನೂ ಆಕೆಯ ದತ್ತುಪುತ್ರನನ್ನೂ ಸೆರೆಹಿಡಿದು ತಂದು ಇಟ್ಟದ್ದು ಇಲ್ಲೇ. ಸೈನ್ಯ ಮೇಲೇರದಂತೆ ತಡೆಯುವ ಕಡಿದಾದ ದಾರಿಯೇ ಒಳಗಿದ್ದವರು ತಪ್ಪಿಸಿಕೊಳ್ಳದಂತೆಯೂ ಕಾಯುತ್ತದೆ. ಕಾವಲಿಗೆ ಬಾಗಿಲ ಬಳಿ ನಾಲ್ಕು ಜನ ಸಾಕು. ಮಲೆನಾಡಿನ ಹಸಿರು, ಮಳೆಯಲ್ಲಿ ಬಾಳಿದ ಹೆಂಗಸಿಗೆ ಈ ಬಯಲುಸೀಮೆಯ ಕಾದ ಬಂಡೆ ಹೇಗನಿಸಿರಬೇಕು!

1767ರಲ್ಲಿ ಪೇಶ್ವೆ ಮಾಧವರಾಯನ ಮರಾಠಾ ಸೈನ್ಯ ಮಧುಗಿರಿಯನ್ನು ಹಿಡಿದಾಗ ರಾಣಿಗೆ ಬಿಡುಗಡೆಯಾಯಿತು. ಆದರೆ ಆಕೆ ಕೆಳದಿಗೆ ಮರಳಲಿಲ್ಲ. ಪುಣೆಗೆ ಕರೆದೊಯ್ಯುವಾಗ ದಾರಿಯಲ್ಲೇ ತೀರಿಕೊಂಡರು. ಕೋಟೆ 1774ರಲ್ಲಿ ಮತ್ತೆ ಹೈದರನ ವಶವಾಯಿತು.

ಈಗ ಭಾನುವಾರ ಬಂದರೆ ಬೆಂಗಳೂರಿನ ಹುಡುಗರು ಗುಂಪು ಗುಂಪಾಗಿ ಬಂದು ಹತ್ತುತ್ತಾರೆ, ಫೋಟೊ ತೆಗೆಯುತ್ತಾರೆ. ಕೆಲವರು ಗೋಡೆಯ ಮೇಲೆ ಹೆಸರು ಗೀಚುತ್ತಾರೆ. ಇಲ್ಲಿ ನಾಲ್ಕು ವರ್ಷ ಸೆರೆಯಲ್ಲಿದ್ದ ರಾಣಿಯ ಹೆಸರು ಅವರಲ್ಲಿ ಎಷ್ಟು ಜನಕ್ಕೆ ಗೊತ್ತು? ನೀವು ಹೋದರೆ, ಕಂಬಿ ಹಿಡಿದು ಕೂತುಕೊಂಡೇ ಕೆಳಗೆ ಜಾರುವಾಗ ಒಮ್ಮೆ ಆಕೆಯನ್ನು ನೆನೆಯಿರಿ. ನಮಗೆ ಇಳಿಯಲು ದಾರಿ ಇದೆ.