ಅಂಕಿತವಳಿದ ಒಂದು ಆಟ

ಆಟಿ ತಿಂಗಳ ಮಳೆಯಲ್ಲಿ ಕಾಪುವಿನ ಚಾವಡಿಗಳಲ್ಲಿ ಚೆನ್ನೆಮಣೆ ಆಡುತ್ತಿದ್ದವರು, ಆ 14 ಗುಳಿಗಳ ಆಟವನ್ನು ಕಲ್ಪಿಸಿದವನಾರೆಂದು ವಿಚಾರಿಸಿದವರಲ್ಲ. 1990ರ ದಶಕದಲ್ಲಿ ಕರಾವಳಿಯ ಮಕ್ಕಳ ಮನವನ್ನು ಸೆರೆಹಿಡಿದ ಮಾರಿಯೋ ಎಂಬ ಟಿವಿ ಆಟವೂ ಹಾಗೆಯೇ ಅನಾಮಧೇಯವಾಗಿ ಬಂದಿತು. ಆದರೆ ಇದಕ್ಕೆ ಕರ್ತೃಗಳಿದ್ದರು.

ಜಪಾನಿನ ನಿಂಟೆಂಡೋ ಸಂಸ್ಥೆಯು 1985ನೆಯ ಸಪ್ಟೆಂಬರ 13ರಂದು ಹೊರತಂದ ‘ಸೂಪರ್ ಮಾರಿಯೋ ಬ್ರದರ್ಸ್’ ಆಟವನ್ನು ರೂಪಿಸಿದವರು ಶಿಗೆರು ಮಿಯಾಮೊಟೊ ಮತ್ತು ತಕಾಶಿ ತೆಜುಕ; ಸಂಗೀತ ಕೋಜಿ ಕೊಂಡೊ ಅವರದು. ಮೀಸೆಯ ಕೊಳಾಯಿ ಕೆಲಸಗಾರನೊಬ್ಬನು ಗುಂಡಿಗಳನ್ನು ಲಂಘಿಸುತ್ತ, ಅಣಬೆಯನ್ನು ಪಡೆದು ದೊಡ್ಡವನಾಗುತ್ತ, 8 ಲೋಕಗಳ 32 ಘಟ್ಟಗಳನ್ನು ದಾಟಿ ರಾಜಕುಮಾರಿಯನ್ನು ಸೆರೆಯಿಂದ ಬಿಡಿಸುವುದೇ ಇದರ ಕಥಾವಸ್ತು. ಇಷ್ಟೆಲ್ಲವೂ ಕೇವಲ 40 ಕಿಲೋಬೈಟುಗಳಲ್ಲಿ ಅಡಗಿದೆ! ಆಕಾಶದ ಮೋಡಕ್ಕೂ ನೆಲದ ಪೊದೆಗೂ ಚಿತ್ರವೊಂದೇ, ಬಣ್ಣ ಮಾತ್ರ ಬೇರೆ. ಅರ್ಧಮಾತ್ರೆಯ ಲಾಘವವನ್ನು ಪುತ್ರೋತ್ಸವಕ್ಕೆ ಸಮನೆಂದೆಣಿಸಿದ ವೈಯಾಕರಣರು ಇದನ್ನು ಕಂಡಿದ್ದರೆ ತಲೆದೂಗದಿರುತ್ತಿರಲಿಲ್ಲ.

ಕರಾವಳಿಯ ಮನೆಗಳಿಗೆ ಹೆಚ್ಚಾಗಿ ಬಂದುದು ಮೂಲಯಂತ್ರವಲ್ಲ, ಅದರ ಅಗ್ಗದ ಅನುಕರಣ. ಒಂದೇ ಕ್ಯಾಸೆಟ್ಟಿನಲ್ಲಿ ಹಲವು ಆಟಗಳನ್ನು ತುಂಬಿದ ನಕಲುಗಾರರು ಎಷ್ಟೋ ಬಾರಿ ಮೊದಲ ಪರದೆಯ ಮೇಲಿನ ಸಂಸ್ಥೆಯ ಹೆಸರನ್ನೇ ಅಳಿಸಿದ್ದರು. ಲಿಪಿಕಾರನು ಓಲೆಗರಿಯಿಂದ ಕವಿಯ ಅಂಕಿತವನ್ನು ಕೆರೆದಂತಹ ಕೃತ್ಯವಿದು, ಅಲ್ಪಾಪರಾಧವೆನ್ನಲಾಗದು. ಆದರೂ ಆ ನಕಲಿಲ್ಲದಿದ್ದರೆ ಸಾಧಾರಣ ಮನೆಗಳ ಮಕ್ಕಳಿಗೆ ಆಟವೇ ದೊರೆಯುತ್ತಿರಲಿಲ್ಲವೆಂಬುದೂ ದಿಟವೇ.

ಆಟವನ್ನು ನಡುವೆ ಉಳಿಸಿಡುವ ಅನುಕೂಲವಿರಲಿಲ್ಲ. ಏಳನೆಯ ಲೋಕದಲ್ಲಿ ಕರೆಂಟು ಹೋಯಿತೆಂದರೆ ಮತ್ತೆ ಮೊದಲಿನಿಂದಲೇ ಆರಂಭ. ಬೇಸಗೆಯ ರಜೆಯಲ್ಲಿ ನೆರೆಮನೆಯ ಟಿವಿಯ ಮುಂದೆ ಸರದಿ ಕಾಯುತ್ತಿದ್ದ ಆ ಮಕ್ಕಳು ಈಗ ನಡುವಯಸ್ಸಿನವರು. ಆ ರಾಗದ ಎರಡು ಸ್ವರ ಕೇಳಿದೊಡನೆ ಅವರ ಮುಖ ಅರಳುವುದು. ಕೊಂಡೊ ಎಂದರೆ ಯಾರೆಂದು ಕೇಳುವರು.