ಕಾಫಿ ಗಿಡದ ನೆರಳು, ಶಾಲೆಯ ಮಕ್ಕಳ ಬಿಸಿಲು

ಚಿಕ್ಕಮಗಳೂರು, ಮೂಡಿಗೆರೆ ಮತ್ತು ಕಳಸ ಸೀಮೆಯ ಕಾಫಿ ಕೃಷಿಯ ಚರಿತ್ರೆಯನ್ನು ಬಿಸಿಲಿನ ಲೆಕ್ಕದ ಚರಿತ್ರೆಯೆಂದೂ ಓದಬಹುದು. ಆದರೆ ಗಿಡಕ್ಕೆ ಎಷ್ಟು ಬಿಸಿಲು ತಾಗಬೇಕೆಂದು ತಲೆಮಾರುಗಳ ಕಾಲ ತಲೆಕೆಡಿಸಿಕೊಂಡ ಈ ಸೀಮೆ, ಅದೇ ಬಿಸಿಲಿನಲ್ಲಿ ಶಾಲೆಗೆ ನಡೆದುಹೋಗುವ ಮಕ್ಕಳ ವಿಷಯದಲ್ಲಿ ಅಷ್ಟು ಎಚ್ಚರ ವಹಿಸಿದಂತೆ ಕಾಣುವುದಿಲ್ಲ.

ಹದಿನೇಳನೆಯ ಶತಮಾನದಲ್ಲಿ ಸೂಫಿ ಸಂತ ಬಾಬಾಬುಡನ್ ಅವರು ಯೆಮನ್‌ನ ಮೋಖಾದಿಂದ ಏಳು ಬೀಜಗಳನ್ನು ತಂದು ಚಂದ್ರದ್ರೋಣ ಪರ್ವತದಲ್ಲಿ ಬಿತ್ತಿದರೆಂಬುದು ಐತಿಹ್ಯ. ದೊಡ್ಡ ತೋಟಗಳ ಕಾಲ ಆರಂಭವಾದದ್ದು 1830ರ ಸುಮಾರಿಗೆ, ಥಾಮಸ್ ಕ್ಯಾನನ್ ಎಂಬ ಪ್ಲಾಂಟರ್ ಚಿಕ್ಕಮಗಳೂರಿನ ಬಳಿ ತೋಟ ಮಾಡಿದ ನಂತರ. ಆ ಬಳಿಕ ದಕ್ಷಿಣ ಭಾರತದ ಬೆಟ್ಟಗಳಿಗೆ ಬಂದ ಯುರೋಪಿಯನ್ ಪ್ಲಾಂಟರುಗಳಲ್ಲಿ ಹಲವರು ಸಿಲೋನಿನ ಪದ್ಧತಿಯನ್ನು ಅನುಸರಿಸಿ, ಕಾಡನ್ನು ಪೂರ್ತಿ ಬೋಳಿಸಿ ಬಯಲಿನಲ್ಲೇ ಕಾಫಿ ನೆಟ್ಟರು. ಇದಕ್ಕೆ ತೆತ್ತ ಬೆಲೆ 1860ರ ದಶಕದಲ್ಲಿ ಗೊತ್ತಾಯಿತು. ಬಿಸಿಲು ಬೀಳುವ ಕಾಂಡವನ್ನೇ ಹುಡುಕಿ ತೊಗಟೆಯ ಬಿರುಕಿನಲ್ಲಿ ಮೊಟ್ಟೆಯಿಡುವ ಕಾಂಡಕೊರಕ, ಅಂದರೆ ಬೆಳೆಗಾರರ ಬಾಯಲ್ಲಿ ಇಂದಿಗೂ ‘ಬೋರರ್’ ಎನಿಸಿಕೊಂಡಿರುವ ಹುಳು, ತೋಟಗಳನ್ನೇ ತಿಂದುಹಾಕಿತು. ಮದ್ರಾಸ್ ಸರ್ಕಾರದ ಪರವಾಗಿ ಇದನ್ನು ಪರಿಶೀಲಿಸಿದ ಡಾ. ಜಾರ್ಜ್ ಬೀಡಿ ತಮ್ಮ 1869ರ ವರದಿಯಲ್ಲಿ ನೆರಳಿಲ್ಲದಿರುವುದನ್ನು ಮುಖ್ಯ ಕಾರಣಗಳಲ್ಲೊಂದೆಂದು ಎಣಿಸಿದರು. ಮಂಜರಾಬಾದ್ ಸೀಮೆಯ ಪ್ಲಾಂಟರ್ ರಾಬರ್ಟ್ ಎಲಿಯಟ್ 1894ರಲ್ಲಿ ಹೊರತಂದ ಗ್ರಂಥದಲ್ಲಿ ಯಾವ ಜಾತಿಯ ಮರ ಕಾಫಿಗೆ ಹಿತ, ಯಾವುದು ಅಹಿತ ಎಂಬ ಚರ್ಚೆಯನ್ನೇ ವಿಸ್ತಾರವಾಗಿ ಬೆಳೆಸಿದರು.

ಹೀಗೆ ರೂಪುಗೊಂಡ ವ್ಯವಸ್ಥೆಯಲ್ಲಿ ಅತ್ತಿ, ಬಸರಿ, ಗೋಣಿಯಂಥ ಕಾಡುಮರಗಳ ಎತ್ತರದ ನೆರಳು, ಅದರ ಕೆಳಗೆ ಹಾಲುವಾಣದ ತೆಳುನೆರಳು, ಅದಕ್ಕೂ ಕೆಳಗೆ ಕಾಫಿ ಎಂಬ ಅಂತಸ್ತುಗಳು ನೆಲೆಗೊಂಡವು. ಮಳೆಗಾಲಕ್ಕೆ ಮುನ್ನ ಕೊಂಬೆ ಕಡಿದು ಬೆಳಕು ಬಿಡುವ ‘ಮರಗಸಿ’ ಎಂಬ ಕೆಲಸ, ಮರ ಹತ್ತಬಲ್ಲವರಷ್ಟೇ ಮಾಡಬಹುದಾದ ಅಪಾಯದ ಕಸುಬಾಗಿ ಬೆಳೆಯಿತು. 1925ರಲ್ಲಿ ಬಾಳೆಹೊನ್ನೂರಿನ ಬಳಿ ಸ್ಥಾಪನೆಯಾದ ಕಾಫಿ ಸಂಶೋಧನಾ ಕೇಂದ್ರದ ಕಾಲಕ್ಕಾಗಲೇ ನೆರಳು ಒಂದು ಶಾಸ್ತ್ರವಾಗಿತ್ತು.

ಮನುಷ್ಯರ ತಲೆಯ ಮೇಲಿನ ನೆರಳು ಮಾತ್ರ ಅಂತಸ್ತಿಗೆ ತಕ್ಕಂತೆ ಹಂಚಿಕೆಯಾಗಿತ್ತು. ಬಿಸಿಲು ಬಡಿದರೆ ಬಿಳಿಯರು ಬದುಕಲಾರರೆಂಬ ವಸಾಹತುಕಾಲದ ಭಯದಿಂದ ದೊರೆಯ ತಲೆಗೆ ಬೆಂಡಿನ ಸೋಲಾ ಟೋಪಿ ಬಂದರೆ, ದಕ್ಷಿಣ ಕನ್ನಡದಿಂದ ಘಟ್ಟ ಹತ್ತಿ ಬಂದ ಆಳುಗಳು ತುಳುವಿನಲ್ಲಿ ಮುಟ್ಟಾಳೆ ಎನ್ನುವ ಹಾಳೆಟೋಪಿಯನ್ನು ತಂದರು. ಉದುರಿದ ಅಡಿಕೆ ಹಾಳೆಯನ್ನು ನೀರಿನಲ್ಲಿ ನೆನೆಸಿ, ಮೆತ್ತಗಾದ ಮೇಲೆ ಎರಡೂ ತುದಿಗಳನ್ನು ಮಡಿಚಿ ಹೊಲಿದರೆ ಸಿದ್ಧವಾಗುವ ಈ ಟೋಪಿ ನೆತ್ತಿಯನ್ನು ಕಾಯುತ್ತದೆ, ತಲೆಹೊರೆಗೆ ಮೆತ್ತೆಯೂ ಆಗುತ್ತದೆ. ಆದರೆ ಅಂಚು ಇಲ್ಲದ್ದರಿಂದ ಕಿವಿಗೂ ಕತ್ತಿಗೂ ನೆರಳು ಕೊಡುವುದಿಲ್ಲ.

1951ರ ಪ್ಲಾಂಟೇಶನ್ ಕಾರ್ಮಿಕ ಕಾಯ್ದೆಯ 17ನೆಯ ಕಲಮು ಕಾರ್ಮಿಕರಿಗೆ ಕೊಡೆ, ಕಂಬಳಿ, ರೇನ್‌ಕೋಟುಗಳನ್ನು ಕೊಡಿಸುವ ನಿಯಮಗಳನ್ನು ಮಾಡಲು ರಾಜ್ಯಗಳಿಗೆ ಅಧಿಕಾರ ನೀಡಿತು. ಅಲ್ಲಿ ಹೇಳಿರುವುದು ಮಳೆ ಮತ್ತು ಚಳಿಯಿಂದ ರಕ್ಷಣೆ, ಬಿಸಿಲಿನ ಹೆಸರಿಲ್ಲ. ಅದೇ ಕಾಯ್ದೆ ಹನ್ನೆರಡು ತುಂಬದ ಮಕ್ಕಳನ್ನು ದುಡಿಸಿಕೊಳ್ಳುವುದನ್ನು ನಿಷೇಧಿಸಿ, ಆರರಿಂದ ಹನ್ನೆರಡರ ವಯಸ್ಸಿನ ಮಕ್ಕಳು 25ಕ್ಕಿಂತ ಹೆಚ್ಚಿದ್ದಲ್ಲಿ ಶಿಕ್ಷಣದ ಸೌಲಭ್ಯ ಒದಗಿಸಬೇಕೆಂಬ ನಿಯಮಕ್ಕೂ ದಾರಿ ಮಾಡಿತು. ಹನ್ನೆರಡು ದಾಟಿದ ಮಕ್ಕಳಿಗೂ ಹದಿಹರೆಯದವರಿಗೂ ವಾರಕ್ಕೆ 40 ಗಂಟೆಗಳ ದುಡಿಮೆಯ ಮಿತಿಯಿತ್ತು. ಅಂದರೆ ಹದಿಹರೆಯದವರು ಆ ಕಾನೂನಿನ ಕಣ್ಣಿಗೆ ಬಿದ್ದದ್ದು ವಿದ್ಯಾರ್ಥಿಗಳಾಗಿ ಅಲ್ಲ, ಕೂಲಿಯವರಾಗಿ.

ಶಾಲೆಗಳ ರೂಢಿಯೂ ಮಳೆಯ ಸುತ್ತಲೇ ಬೆಳೆಯಿತು. ಜೂನ್ ಬಂತೆಂದರೆ ಕೊಡೆ, ಜುಲೈನಲ್ಲಿ ಮಳೆ ರಜೆ. ಕಾಫಿ ಕುಯ್ಲಿನಿಂದ ಹೂಮಳೆಯವರೆಗಿನ, ಅಂದರೆ ಕಾಫಿ ಹೂವನ್ನು ಅರಳಿಸುವ ಮಾರ್ಚ್–ಏಪ್ರಿಲ್‌ನ ಮಳೆಯವರೆಗಿನ ಒಣ ತಿಂಗಳುಗಳಲ್ಲಿ ಕೊಡೆ ಮೂಲೆ ಸೇರುತ್ತದೆ, ಪ್ರಾರ್ಥನೆಯ ಸಾಲು ಬಯಲಿನಲ್ಲಿ ನಿಲ್ಲುತ್ತದೆ. ಬೆಟ್ಟದ ತಂಪು ಇಲ್ಲಿ ಮೋಸ ಮಾಡುತ್ತದೆ. ಚರ್ಮವನ್ನೂ ಕಣ್ಣನ್ನೂ ಕೆಡಿಸುವ ನೇರಳಾತೀತ ಕಿರಣ ಶಾಖವಾಗಿ ಅನುಭವಕ್ಕೆ ಬರುವುದಿಲ್ಲ; ಪ್ರತಿ 1,000 ಮೀಟರ್ ಎತ್ತರಕ್ಕೆ ಅದು ಶೇ. 10ರಷ್ಟು ಹೆಚ್ಚುತ್ತದೆ, ಮೂಡಿಗೆರೆ ಇರುವುದು ಹೆಚ್ಚುಕಡಿಮೆ ಅದೇ ಎತ್ತರದಲ್ಲಿ. ಕಪ್ಪು ಮೈಬಣ್ಣ ಚರ್ಮದ ಕ್ಯಾನ್ಸರಿನ ಅಪಾಯವನ್ನು ಬಹಳಷ್ಟು ತಗ್ಗಿಸುತ್ತದೆಯಾದರೂ ಮುಂದೆ ಕಣ್ಣಿನ ಪೊರೆಗೆ ಕಾರಣವಾಗುವ ಹಾನಿಯನ್ನು ತಡೆಯುವುದಿಲ್ಲ. ಬಿಸಿಲಿಗೆ ಹೋಗಬೇಡವೆಂಬ ಮಾತು ಮನೆಗಳಲ್ಲಿ ಇಲ್ಲದೆ ಇರಲಿಲ್ಲ, ಆದರೆ ಅದು ಹೆಣ್ಣುಮಕ್ಕಳ ಮೈಬಣ್ಣದ ಚಿಂತೆಯಾಗಿತ್ತು. 1975ರಲ್ಲಿ ಬಂದ ಫೇರ್ ಅಂಡ್ ಲವ್ಲಿಯಂಥ ಕ್ರೀಮುಗಳ ಜಾಹೀರಾತು ಅದನ್ನೇ ಗಟ್ಟಿಮಾಡಿತು, ಗಂಡುಹುಡುಗರು ಲೆಕ್ಕಕ್ಕೇ ಬರಲಿಲ್ಲ.

ಆಸ್ಟ್ರೇಲಿಯಾದಲ್ಲಿ 1981ರಲ್ಲಿ ವಿಕ್ಟೋರಿಯಾ ರಾಜ್ಯದ ಕ್ಯಾನ್ಸರ್ ಸಂಸ್ಥೆ ಬಿಸಿಲಿನಿಂದ ಕಾಯುವ ಅಂಗಿ, ಲೇಪ, ಟೋಪಿಗಳ ಬಳಕೆಗೆ ದೊಡ್ಡ ಪ್ರಚಾರ ನಡೆಸಿತು. ಮುಂದೆ ಅಲ್ಲಿನ ಶಾಲೆಗಳಲ್ಲಿ ಟೋಪಿಯಿಲ್ಲದವರಿಗೆ ಬಯಲಾಟವಿಲ್ಲವೆಂಬ ರೂಢಿ ಬಂದಿತು. ಆ ದೇಶದಿಂದ ಕಾಫಿ ಬೆಟ್ಟಗಳಿಗೆ ಬಂದದ್ದು ಟೋಪಿಯ ನಿಯಮವಲ್ಲ, ಸಿಲ್ವರ್ ಓಕ್ ಮರ. ಬೇಗ ಬೆಳೆಯುವ, ಕಾಳುಮೆಣಸಿನ ಬಳ್ಳಿಗೆ ಆಸರೆಯಾಗುವ, ಕಡಿದರೆ ಹಣ ತರುವ ಈ ಮರ ತೋಟಗಾರನಿಗೆ ಲಾಭದ್ದೇ. ಆದರೆ ಅದರ ತಲೆ ಕಿರಿದು, ಎಲೆ ಸೀಳುಸೀಳು, ನಡುಹಗಲಿನ ನೆರಳು ಬುಡದ ಸುತ್ತ ನಾಲ್ಕು ಹೆಜ್ಜೆ ಮೀರುವುದಿಲ್ಲ. ನಲವತ್ತು ಮಕ್ಕಳ ಒಂದು ತರಗತಿ ಮೈದಾನದಲ್ಲಿ ಕೂರಬೇಕಾದರೆ ಹಳೆಯ ತೋಟಗಾರರು ಕಾಡಿನಿಂದ ಉಳಿಸಿಕೊಂಡ ಬಸರಿ, ಗೋಣಿಗಳಂಥ ಮರವೇ ಬೇಕು.