ವಾಹನದ ವಿದ್ಯುನ್ಮಾನ ಜಾಲ: ರಸ್ತೆಗಿಳಿಯುವ ಮುನ್ನ ತಾಲೀಮು

ಇಂದಿನ ಸಾಧಾರಣ ಕಾರಿನಲ್ಲಿಯೂ ಎಂಜಿನ್, ಬ್ರೇಕ್, ಏರ್‌ಬ್ಯಾಗ್ ಮೊದಲಾದವುಗಳಿಗೆ ಪ್ರತ್ಯೇಕ ನಿಯಂತ್ರಣ ಪೆಟ್ಟಿಗೆಗಳಿವೆ. ಪ್ರತಿಯೊಂದರೊಳಗೂ ಮೈಕ್ರೋಕಂಟ್ರೋಲರ್ ಎಂಬ ಪುಟ್ಟ ಗಣಕವಿರುತ್ತದೆ. ಇವು ಪರಸ್ಪರ ನಡೆಸುವ ಸಂಭಾಷಣೆಯನ್ನು, ಕಾರು ಸಿದ್ಧವಾಗುವ ಮೊದಲೇ ಕೃತಕವಾಗಿ ಏರ್ಪಡಿಸಿ ಪರೀಕ್ಷಿಸುವ ವಿಧಾನಕ್ಕೆ ಸಿಮ್ಯುಲೇಶನ್ ಎಂದು ಹೆಸರು. ಪುಣೆ, ಚೆನ್ನೈಗಳ ವಾಹನೋದ್ಯಮದಲ್ಲಿ ಮಕ್ಕಳು ದುಡಿಯುತ್ತಿರುವ ನಮ್ಮವರ ಮನೆಗಳಲ್ಲಿ ಈ ಪದ ಆಗಾಗ ಕಿವಿಗೆ ಬೀಳುವುದುಂಟು.

ಈ ಸಂಭಾಷಣೆಗೆ ಬಹುವಾಗಿ ಬಳಕೆಯಲ್ಲಿರುವುದು 'ಕ್ಯಾನ್' ಎಂಬ ಎರಡು ತಂತಿಗಳ ಜಾಲ. ಜರ್ಮನಿಯ ಬಾಷ್ ಸಂಸ್ಥೆಯು 1983ರಲ್ಲಿ ಇದರ ಕೆಲಸವನ್ನು ಆರಂಭಿಸಿ 1986ರಲ್ಲಿ ಪ್ರಕಟಪಡಿಸಿತು. ಬೆಂಗಳೂರಿನವರು 'ಮೈಕೋ' ಎಂದೇ ಬಲ್ಲ ಕಂಪನಿಯು 2008ರಲ್ಲಿ ಇದೇ ಬಾಷ್ ಹೆಸರನ್ನು ತಳೆಯಿತು. ಕ್ಯಾನ್‌ನ ಮೂಲರೂಪದಲ್ಲಿ ಒಂದು ಸಂದೇಶವು ಹೆಚ್ಚೆಂದರೆ 8 ಬೈಟ್ ಮಾಹಿತಿಯನ್ನು ಹೊರುತ್ತದೆ. ಇಬ್ಬರು ಒಮ್ಮೆಗೇ ಮಾತನಾಡತೊಡಗಿದರೆ, ಕಡಿಮೆ ಸಂಖ್ಯೆಯ ಗುರುತುಳ್ಳ ಸಂದೇಶ ಮುಂದುವರಿಯುತ್ತದೆ, ಇನ್ನೊಂದು ಸುಮ್ಮನೆ ಕಾಯುತ್ತದೆ. ತುರ್ತಿನ ಸಂದೇಶಗಳಿಗೆ ಚಿಕ್ಕ ಸಂಖ್ಯೆಯನ್ನು ನೀಡುವುದು ಇದೇ ಕಾರಣಕ್ಕೆ.

ಇನ್ನು 'ಡ್ರೈವರ್'. ಇಲ್ಲಿ ಇದು ಸ್ಟಿಯರಿಂಗ್ ಹಿಡಿದವನಲ್ಲ. ಚಿಪ್ಪಿಗೂ ಅದರ ಮೇಲಿನ ತಂತ್ರಾಂಶಕ್ಕೂ ನಡುವಣ ದುಭಾಷಿ. ಹಿಂದೆ ಚಿಪ್ಪು ಬದಲಾದರೆ ತಂತ್ರಾಂಶದ ಬಹುಭಾಗವನ್ನು ತಿದ್ದಬೇಕಾಗುತ್ತಿತ್ತು. 2003ರಲ್ಲಿ ಬಿಎಂಡಬ್ಲ್ಯೂ, ಫೋಕ್ಸ್‌ವ್ಯಾಗನ್, ಬಾಷ್ ಮುಂತಾದ ಸಂಸ್ಥೆಗಳು ಕೂಡಿ ಸ್ಥಾಪಿಸಿದ ಆಟೋಸಾರ್ ಒಕ್ಕೂಟವು ಈ ದುಭಾಷಿಗೆ ಒಂದೇ ಪ್ರಮಾಣಿತ ನಡವಳಿಕೆಯನ್ನು ವಿಧಿಸಿತು. ಆದ್ದರಿಂದ ನಿಜವಾದ ಚಿಪ್ಪಿನ ಡ್ರೈವರನ್ನು ತೆಗೆದು, ಮೇಜಿನ ಮೇಲಿನ ಕಂಪ್ಯೂಟರಿನಲ್ಲಿ ಅದೇ ರೀತಿ ಉತ್ತರಿಸುವ ಕೃತಕ ಡ್ರೈವರನ್ನು ಇರಿಸಬಹುದು. ಮೇಲಿನ ತಂತ್ರಾಂಶಕ್ಕೆ ವ್ಯತ್ಯಾಸವೇ ತಿಳಿಯದು. ನಮ್ಮ ನಾಟಕದ ತಾಲೀಮಿನಲ್ಲಿ ಬಾರದ ನಟನ ಮಾತುಗಳನ್ನು ಬೇರೊಬ್ಬರು ಓದುವಂತೆ, ಇನ್ನೂ ತಯಾರಾಗದ ಪೆಟ್ಟಿಗೆಗಳ ಸಂದೇಶಗಳನ್ನೂ ಕಂಪ್ಯೂಟರೇ ಕಳುಹಿಸುತ್ತಿರುತ್ತದೆ.

ಆದರೆ ಇದರಲ್ಲೊಂದು ತೊಡಕಿದೆ, ಅದನ್ನು ಮರೆತರೆ ಅಪಾಯ. ಕ್ಯಾನ್ ಚಿಪ್ಪಿನೊಳಗೆ ತಪ್ಪುಗಳ ಲೆಕ್ಕ ನಡೆಯುತ್ತಿರುತ್ತದೆ. ಕಳುಹಿಸುವಲ್ಲಿ ಒಂದು ತಪ್ಪಾದರೆ 8 ಅಂಕ ಏರುತ್ತದೆ, ಸಂದೇಶ ಸರಿಯಾಗಿ ತಲುಪಿದರೆ 1 ಅಂಕ ಮಾತ್ರ ಇಳಿಯುತ್ತದೆ; ಬ್ಯಾಂಕಿನಲ್ಲಿ ಇಂತಹ ಬಡ್ಡಿ ವಿಧಿಸಿದರೆ ಗ್ರಾಹಕರು ಸುಮ್ಮನಿರಲಾರರು. ಲೆಕ್ಕ 255ನ್ನು ಮೀರಿದೊಡನೆ ಆ ಪೆಟ್ಟಿಗೆಯು ಜಾಲದಿಂದ ತಾನೇ ಹೊರಗುಳಿಯುತ್ತದೆ. ಡ್ರೈವರಿನ ಮಟ್ಟದಲ್ಲಿಯೇ ನಿಂತ ಅನುಕರಣೆಯು ಇದನ್ನು ಬೇಕೆಂದೇ ಸೃಷ್ಟಿಸದ ಹೊರತು, ಅಲ್ಲಿ ಯಾವ ಪೆಟ್ಟಿಗೆಯೂ ಎಂದೂ ಮೌನವಾಗುವುದಿಲ್ಲ. ತಂತಿಯ ಗದ್ದಲವಾಗಲಿ, ಜಾಲದ ಎರಡೂ ತುದಿಗಳಲ್ಲಿ ಇರಲೇಬೇಕಾದ 120 ಓಮ್ ರೋಧಕವು ಸಡಿಲಗೊಂಡದ್ದಾಗಲಿ ಅದಕ್ಕೆ ಕಾಣದು.

ಆದುದರಿಂದ ಮುಂದಿನ ಹಂತದಲ್ಲಿ ನಿಜವಾದ ಪೆಟ್ಟಿಗೆಯನ್ನೇ ಮೇಜಿಗೆ ತಂದು, ಎಂಜಿನ್ ಹಾಗೂ ಚಕ್ರಗಳ ಸಂಕೇತಗಳನ್ನು ಮಾತ್ರ ಕಂಪ್ಯೂಟರಿನಿಂದ ಒದಗಿಸುತ್ತಾರೆ. ಬಳಿಕ ಬೇಕೆಂದೇ ಕೆಡಿಸುತ್ತಾರೆ. ನಮ್ಮ ದೇಶದಲ್ಲಿ 2019ರ ಏಪ್ರಿಲ್‌ನಿಂದ ಹೊಸ ಕಾರುಗಳಿಗೆ ಕಡ್ಡಾಯವಾದ ಎಬಿಎಸ್ ಬ್ರೇಕನ್ನೇ ತೆಗೆದುಕೊಳ್ಳೋಣ. 'ಓಡುತ್ತಿರುವ' ಕಾರಿನ ಒಂದು ಚಕ್ರದ ವೇಗ ತಿಳಿಸುವ ತಂತಿಯನ್ನು ಥಟ್ಟನೆ ಕಡಿಯುತ್ತಾರೆ. ಆಗ ಪೆಟ್ಟಿಗೆಯು, ಚಕ್ರ ನಿಂತಿತೆಂದು ಭ್ರಮಿಸಿ ಬ್ರೇಕನ್ನು ಸಡಿಲಿಸಬಾರದು. ದೋಷವನ್ನು ಗುರುತಿಸಿ, ಎಬಿಎಸ್ ಕ್ರಿಯೆಯನ್ನು ನಿಲ್ಲಿಸಿ, ಸಾಮಾನ್ಯ ಬ್ರೇಕನ್ನು ಉಳಿಸಿಕೊಟ್ಟು, ಚಾಲಕನ ಎದುರಿನ ಹಳದಿ ದೀಪವನ್ನು ಬೆಳಗಿಸಬೇಕು.